ಗೋಡೆಗೆ ಮುಖ ಮಾಡಿ ಕೂತವರು

ಹೋದ ವಾರ ತಮ್ಮನ ಮೊಮ್ಮಗಳು ತುಮಕೂರಿನ ಸದಾಶಿವನಗರದ ನಮ್ಮ ಮನೆಗೆ ಬಂದು, ಕಪ್ಪು ಬಟ್ಟೆ ಹೊದಿಸಿದ ಪೆಟ್ಟಿಗೆಯೊಂದನ್ನು ಊಟದ ಮೇಜಿನ ಮೇಲೆ ಇಟ್ಟಳು. ತೆರೆದರೆ ಒಳಗೆ ಯುಕುಲೆಲೆ. ನಾಲ್ಕೇ ತಂತಿ, ನೋಡಲು ಗಿಟಾರಿನ ಮರಿಯಂತೆ. ಇದು ಆ ಜಾತಿಯಲ್ಲಿ ಸ್ವಲ್ಪ ದೊಡ್ಡ ಅಳತೆಯದು, ಟೆನರ್ ಎನ್ನುತ್ತಾರಂತೆ. ಒಳಗೆ ದನಿ ಹಿಡಿಯುವ ಪಿಕಪ್ ಕೂರಿಸಿದ್ದಾರೆ, ಬದಿಯಲ್ಲಿ ವೈರು ಚುಚ್ಚಲು ತೂತಿದೆ. ಹಾಗೆಯೇ ನುಡಿಸಬಹುದು, ಸ್ಪೀಕರಿಗೆ ಹಾಕಿಯೂ ನುಡಿಸಬಹುದು. ದುಬಾರಿ ಮಾಲು. ಬೇಡವೆನಿಸಿದರೆ ಹಿಂದಿರುಗಿಸಲು ಅಂಗಡಿಯವರು ಸ್ವಲ್ಪ ದಿನ ಕೊಟ್ಟಿದ್ದಾರೆ. "ಅಜ್ಜಿ, ನೀವು ಚೆಕ್ ಮಾಡಿ ಹೂಂ ಅಂದ್ರೆ ಇಟ್ಕೋತೀನಿ. ಇಲ್ಲಾಂದ್ರೆ ವಾಪಸ್" ಅಂದಳು.

ತಂತಿ ಮುಟ್ಟುವ ಮೊದಲು ನಾನು ಅದರ ನಡುವಿನ ಗುಂಡನೆಯ ಬಾಯಿಗೆ ಮೂಗಿಟ್ಟು ಮೂಸಿದೆ. "ಅಯ್ಯೋ ಅಜ್ಜಿ, ಅದೇನು ಹಲಸಿನ ಹಣ್ಣಾ?" ಎಂದು ಹುಡುಗಿ ನಕ್ಕಳು. ನಗಲಿ. ಮರ, ಸರೇಸು, ಪಾಲಿಶ್ ಕಾಣದ ಒಳಮೈಯ ಒಣ ವಾಸನೆ... ಆ ವಾಸನೆಯ ಹಿಂದೆಯೇ ನನಗೆ ಸಂಗೀತ ಕಲಿಸಿದ ಮೇಷ್ಟ್ರು ನೆನಪಿಗೆ ಬಂದರು. ವಾದ್ಯವನ್ನು ಮೊದಲು ಮೂಸಬೇಕು ಎಂದು ಕಲಿಸಿದವರೇ ಅವರು. ಮರ ಹಸಿಯಾಗಿದ್ದರೆ ಹುಳಿ ವಾಸನೆ ಹೊಡೆಯುತ್ತದೆ; ಅಂಥದ್ದು ಬೇಸಿಗೆ ಬಂದರೆ ಸೊಟ್ಟಗಾಗುತ್ತದೆ. ಇದರಲ್ಲಿ ಹುಳಿ ಇರಲಿಲ್ಲ.

ಎಪ್ಪತ್ತರ ದಶಕದಲ್ಲಿ ನಾವಿದ್ದದ್ದು ತುಮಕೂರು ರೈಲ್ವೆ ಸ್ಟೇಷನ್ನಿಗೆ ಹತ್ತಿರದ ಒಂದು ಓಣಿಯಲ್ಲಿ. ಅಪ್ಪ ರೈಲ್ವೆಯವರು. ನಮ್ಮ ಮನೆಯಲ್ಲಿ ಸ್ನಾನ, ತಿಂಡಿ, ಓದು, ದೀಪ ಆರಿಸುವುದು ಎಲ್ಲವೂ ರೈಲಿನ ಹೊತ್ತಿಗೆ ನಡೆಯುತ್ತಿದ್ದವು. ರೈಲು ತಡವಾದರೂ ನಾವು ತಡವಾಗುವಂತಿರಲಿಲ್ಲ. ಆ ಶಿಸ್ತು ಮೈಗೆ ಹತ್ತಿತು. ಅದರಿಂದ ನನಗೆ ಕೆಟ್ಟದ್ದೇನೂ ಆಗಿಲ್ಲ. ಮುಂದೆ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದೆ, ಗಂಟೆ ಹೊಡೆಯುವ ಮುಂಚೆ ತರಗತಿಯ ಬಾಗಿಲಲ್ಲಿ ಇರುತ್ತಿದ್ದೆ.

ನಮ್ಮ ಎದುರು ಮನೆಯವರು ಮೇಷ್ಟ್ರು. ಶಾಲೆಯ ಮೇಷ್ಟ್ರಲ್ಲ, ಸಂಗೀತದವರು. ಹುಟ್ಟಿದ್ದು ಗುಬ್ಬಿಯಲ್ಲಿ. ಹರೆಯವನ್ನೆಲ್ಲ ನಾಟಕದ ಕಂಪನಿಗಳಲ್ಲಿ ಮ್ಯಾಂಡೊಲಿನ್ ನುಡಿಸುತ್ತಾ ಊರೂರು ಸುತ್ತಿ ಕಳೆದಿದ್ದರು. ಕಂಪನಿಗಳು ಒಂದೊಂದೇ ಪರದೆ ಮಡಚಿದ ಮೇಲೆ ತುಮಕೂರಿಗೆ ಬಂದು ಮನೆಪಾಠ ಹಿಡಿದರು. ಕುಳ್ಳಗೆ, ಗಟ್ಟಿಯಾಗಿ, ಸದಾ ಬಿಳಿ ಜುಬ್ಬ. ಮಾತು ಕಮ್ಮಿ, ಕೋಪ ಜಾಸ್ತಿ. ನಾನು ಅವರ ಬಳಿ ಮ್ಯಾಂಡೊಲಿನ್ ಕಲಿತೆ. ದೊಡ್ಡ ವಿದ್ವಾಂಸಳೇನೂ ಆಗಲಿಲ್ಲ, ಆದರೆ ಹೇಳಿದ್ದನ್ನು ಹೇಳಿದ ಹಾಗೆ ನುಡಿಸುತ್ತಿದ್ದೆ. ಮೇಷ್ಟ್ರಿಗೆ ಅದು ಬೇಕಾಗಿತ್ತು.

ಯಾಕೆಂದರೆ ಅವರಿಗೆ ಇನ್ನೊಂದು ಕೆಲಸವಿತ್ತು. ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಯಾರೇ ವಾದ್ಯ ಕೊಳ್ಳಲಿ, ಮೊದಲು ಮೇಷ್ಟ್ರ ಮನೆಗೆ ತರುತ್ತಿದ್ದರು. ಹಾರ್ಮೋನಿಯಂ, ವೀಣೆ, ಪಿಟೀಲು, ಮ್ಯಾಂಡೊಲಿನ್, ಏನೇ ಇರಲಿ. ಇದಕ್ಕೆ ಅವರು ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಕೊಟ್ಟರೆ ಬೈಯುತ್ತಿದ್ದರು. ಮೊದಲು ಮೂಸುವುದು. ಆಮೇಲೆ ವಾದ್ಯದ ಬೆನ್ನ ಮೇಲೆ ಅಂಗೈಯಿಟ್ಟು ಸುಮ್ಮನೆ ಇರುವುದು. ಆಮೇಲೆ ಅದನ್ನು ನನ್ನ ಕೈಗೆ ಕೊಟ್ಟು, ಮಣೆ ಎಳೆದುಕೊಂಡು, ಗೋಡೆಗೆ ಮುಖ ಮಾಡಿ ಕೂತುಬಿಡುತ್ತಿದ್ದರು. ನಾವೆಲ್ಲ ಅವರ ಬೆನ್ನ ಹಿಂದೆ.

"ಬೆರಳು ಕಣ್ಣಿಗೆ ಬಿದ್ರೆ ಕಿವಿ ಸೋಮಾರಿ ಆಗ್ಬಿಡುತ್ತೆ ಕಣಮ್ಮಾ" ಎನ್ನುತ್ತಿದ್ದರು. ವಾದ್ಯದ ಚೆಂದ, ಬಣ್ಣ, ಹಲ್ಲುಕಿರಿಯುವ ಮಾರಾಟಗಾರನ ಮುಖ, ಯಾವುದೂ ಕಾಣಬಾರದು. ಗೋಡೆಗೆ ಹಸಿರು ಸುಣ್ಣ ಬಳಿದಿತ್ತು. ಅವರ ಹಣೆ ತಾಕುವ ಕಡೆ ಎಣ್ಣೆಯ ಕಲೆ. ನಾನು ನುಡಿಸಿ ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಹಾಗೆಯೇ ಕೂತಿದ್ದು ಎರಡರಲ್ಲಿ ಒಂದು ಮಾತು ಹೇಳುತ್ತಿದ್ದರು. ಒಂದು "ಆಯ್ತು." ಇನ್ನೊಂದು "ತಗೊಂಡ್ ಹೋಗಿ." ಕಾರಣ ಕೇಳಿದರೆ ಹೇಳುತ್ತಿರಲಿಲ್ಲ. ಆ "ಆಯ್ತು" ಎಂಬ ಮಾತಿನ ಮೇಲೆ ಜನ ಹೊಲದ ಕೆಲಸ ಬಿಟ್ಟು ಬಸ್ಸು ಹತ್ತಿ ಬರುತ್ತಿದ್ದರು.

ಎಂಬತ್ತರ ದಶಕ ಶುರುವಾದಾಗ ಎಲ್ಲ ಕಡೆ ಆರ್ಕೆಸ್ಟ್ರಾ ಹುಚ್ಚು. ಮದುವೆ, ಗಣೇಶನ ಹಬ್ಬ, ಯುವಕ ಸಂಘ, ಎಲ್ಲದಕ್ಕೂ ಮೈಕು, ಸ್ಪೀಕರು, ಬಣ್ಣದ ಬಲ್ಬು. ಗುಬ್ಬಿಯಲ್ಲಿ ಸೈಕಲ್ ಶಾಪ್ ಇಟ್ಟಿದ್ದ ಒಬ್ಬರು ಅಂಥದೊಂದು ಆರ್ಕೆಸ್ಟ್ರಾ ಕಟ್ಟಿದ್ದರು. ಹಗಲು ಪಂಕ್ಚರ್, ಸಂಜೆ ಪ್ರೋಗ್ರಾಂ. ಅವರು ಒಂದು ಭಾನುವಾರ ಬೆಳಿಗ್ಗೆ ಎಲೆಕ್ಟ್ರಿಕ್ ಮ್ಯಾಂಡೊಲಿನ್ ತಂದರು. ಬೊಂಬಾಯಿಯಿಂದ ಏಜೆಂಟ್ ಒಬ್ಬ ತಂದದ್ದು. ನೋಡಲು ಕೊಟ್ಟು ಹೋಗಿದ್ದಾನೆ, ಮುಂದಿನ ವಾರ ಮತ್ತೆ ಬರುತ್ತಾನೆ. ಬೇಕಾದರೆ ಇಟ್ಟುಕೊಳ್ಳುವುದು, ಬೇಡವಾದರೆ ಆಗಲೇ ಹಿಂದಿರುಗಿಸುವುದು. ಆ ಏಜೆಂಟ್ ಹೋದ ಮೇಲೆ ಏನಿದ್ದರೂ ಕೊಂಡವರ ತಲೆಗೆ. ಜೊತೆಗೆ ಸೌಂಡ್ ಸರ್ವೀಸಿನ ಹುಡುಗನನ್ನು ಸ್ಪೀಕರ್ ಪೆಟ್ಟಿಗೆ ಸಮೇತ ಕರೆತಂದಿದ್ದರು.

ಮೇಷ್ಟ್ರು ಮೂಸಿದರು, ಅಂಗೈಯಿಟ್ಟರು, ಗೋಡೆಗೆ ತಿರುಗಿದರು. "ಮೊದ್ಲು ಬರಿ ಮರ ಮಾತಾಡ್ಲಿ. ಕರೆಂಟು ಆಮೇಲೆ" ಎಂದರು.

ನಾನು ವೈರು ಹಾಕದೆ ನುಡಿಸಿದೆ. ಚೆನ್ನಾಗಿತ್ತು. ತುಂಬಿದ ದನಿ, ಎಲ್ಲ ತಂತಿಗಳೂ ಸಮ. ಮೇಷ್ಟ್ರು ಅಲುಗಾಡಲಿಲ್ಲ.

"ಏನ್ ಮೇಷ್ಟ್ರೇ, ಗೋಡೆ ಜೊತೆ ಇನ್ನೂ ಮಾತುಕತೆ ಮುಗೀಲಿಲ್ವಾ?" ಸೈಕಲ್ ಶಾಪಿನವರು ಛೇಡಿಸಿದರು.

"ಗೋಡೆ ನಿನ್ ಥರ ನಡುವೆ ಬಾಯಿ ಹಾಕಲ್ಲ ಕಣಯ್ಯಾ. ಸುಮ್ನೆ ಕೂತ್ಕೋ."

ಸೌಂಡಿನ ಹುಡುಗ ವೈರು ಚುಚ್ಚಿದ. ದಪ್ಪ ತಂತಿಗಳು ಗುಡುಗಿದವು. ನಾನು ಸಣ್ಣ ತಂತಿಗೆ ಬಂದು, ತಂತಿಯಡಿಯ ಲೋಹದ ಮೆಟ್ಟಿನಿಂದ ಮೆಟ್ಟಿಗೆ ಮೇಲೇರಿದೆ. ಅರ್ಧ ದಾಟಿದ ಮೇಲೆ ಸ್ವರದ ಬೆನ್ನಿಗೆ ಇನ್ನೊಂದು ಸದ್ದು ಹುಟ್ಟಿತು. ಕೀ ಎಂದು, ಸೂಜಿಯಂಥ ಸೀಟಿ. ಸ್ವರ ಆರಿದರೂ ಅದು ಆರಲಿಲ್ಲ. ಸೈಕಲ್ ಶಾಪಿನವರು ಮುಖ ಹಿಂಡಿದರು. ಸೌಂಡಿನ ಹುಡುಗ ಗುಂಡಿ ತಿರುಗಿಸಿದ, ಹೋಗಲಿಲ್ಲ. ಜಗುಲಿಯ ಮೇಲೆ ಮಲಗಿದ್ದ ಬೀದಿನಾಯಿ ಎದ್ದು ಹೊರಟೇ ಹೋಯಿತು. ನಾನು ಕೈ ನಿಲ್ಲಿಸಿದೆ.

"ಯಾಕಮ್ಮ ನಿಲ್ಸಿದೆ? ಮೇಲೆ ಹೋಗು" ಎಂದರು ಮೇಷ್ಟ್ರು, ಗೋಡೆಗೆ.

ಹೋದೆ. ಸೀಟಿ ಮತ್ತೆ ಬಂತು, ಇನ್ನೂ ಜೋರಾಗಿ. ಕೊನೆಯ ಮೆಟ್ಟು ಮುಟ್ಟಿ ಇಳಿದೆ. ಮೇಷ್ಟ್ರು ಎಂದಿನಂತೆ ಸ್ವಲ್ಪ ಹೊತ್ತು ಕೂತಿದ್ದು ಹೇಳಿದರು:

"ಆಯ್ತು."

ಸೈಕಲ್ ಶಾಪಿನವರು ನನ್ನ ಮುಖ ನೋಡಿದರು, ಹುಡುಗನ ಮುಖ ನೋಡಿದರು. ಆಮೇಲೆ ನಿಧಾನವಾಗಿ ಅವರ ಮುಖ ಅರಳಿತು. ಮ್ಯಾಂಡೊಲಿನ್ನನ್ನು ಪೆಟ್ಟಿಗೆಗೆ ಹಾಕಿ ಹೊರಟರು. ಗೇಟಿನ ಹತ್ತಿರ ಹುಡುಗ, "ಅಣ್ಣಾ, ಆ ಸೀಟಿ..." ಎಂದು ಬಾಯಿ ತೆಗೆದದ್ದು ನನಗೆ ಕೇಳಿಸಿತು. "ಮೇಷ್ಟ್ರು ಆಯ್ತು ಅಂದ್ಮೇಲೆ ಅದು ಸೀಟಿ ಅಲ್ಲ ಕಣ್ಲಾ. ಬಾಂಬೆ ಸೌಂಡು. ನಿಂಗೇನ್ ಗೊತ್ತು, ಬುಡು" ಎಂದು ಅವರು ಗದರಿದರು.

ಹಾಗಿತ್ತು ಮೇಷ್ಟ್ರ ಮಾತಿನ ಬೆಲೆ. ತಮ್ಮ ಕಿವಿಯಲ್ಲೇ ಕೇಳಿದ್ದನ್ನು ಜನ ಅವರ ಒಂದು ಮಾತಿಗೆ ಒತ್ತಟ್ಟಿಗೆ ಇಡುತ್ತಿದ್ದರು. ಆ ವಾದ್ಯವನ್ನು ಮುಂದಿನ ವಾರವೇ ಕುಣಿಗಲ್‌ನಲ್ಲಿ ನಡೆಯುವ ಪ್ರೋಗ್ರಾಮಿನಲ್ಲಿ, ಅಷ್ಟು ಜನರ ಮುಂದೆ, ದೊಡ್ಡ ಸ್ಪೀಕರಿಗೆ ಹಾಕುವವರಿದ್ದರು. ಅಲ್ಲಿ ಸೀಟಿ ಹೊಡೆದರೆ ಆರ್ಕೆಸ್ಟ್ರಾ ಹೋಗುತ್ತದೆ, ಅದರ ಜೊತೆ ಮೇಷ್ಟ್ರ ಹೆಸರೂ ಹೋಗುತ್ತದೆ.

ಅವತ್ತು ಸಂಜೆ ನಾನು ಪಾಠದ ಹೊತ್ತಿಗೆ ಹೋದೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ.

"ಮೇಷ್ಟ್ರೇ, ಬೆಳಿಗ್ಗೆ ಆ ವಾದ್ಯ ಮೇಲಿನ ಮೆಟ್ಟುಗಳಲ್ಲಿ ಸೀಟಿ ಹೊಡೀತಿತ್ತು."

"ಏನು?"

"ಸೀಟಿ. ಕರೆಂಟ್ ಹಾಕಿದ ಮೇಲೆ."

ಮುಖ ಕೆಂಪಗಾಯಿತು. "ನಂಗೆ ಶ್ರುತಿ ಹೇಳ್ಕೊಡೋಕೆ ಬಂದ್ಯಾ ನೀನು?"

"ಶ್ರುತಿ ಅಲ್ಲ ಮೇಷ್ಟ್ರೇ. ಸೀಟಿ."

"ಹಂಗಾದ್ರೆ ಬೇರೆ ಯಾರಿಗೂ ಯಾಕ್ ಕೇಳ್ಲಿಲ್ಲ?"

"ಎಲ್ರಿಗೂ ಕೇಳ್ತು. ನಾಯಿಗೂ ಕೇಳ್ತು."

ಒಳಗೆ ಅವರ ಹೆಂಡತಿ ಕಿಸಕ್ಕನೆ ನಕ್ಕರು, ತಕ್ಷಣ ತಡೆದರು. ಮೇಷ್ಟ್ರು ಎದ್ದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಪಾಠ ನಡೆಯಲಿಲ್ಲ. ಆಮೇಲಿನ ದಿನಗಳಲ್ಲೂ ನಡೆಯಲಿಲ್ಲ. ಎದುರಿಗೆ ಸಿಕ್ಕರೆ ಜುಬ್ಬದ ಗುಂಡಿ ನೋಡಿಕೊಳ್ಳುತ್ತಾ ಹೋಗುತ್ತಿದ್ದರು. ನಾನು ಹೇಳಿದ್ದು ಸರಿ ಎಂದು ನನಗೆ ಗೊತ್ತಿತ್ತು. ಆದರೂ ಎದುರು ಮನೆಯ ಕಿಟಕಿ ಮುಚ್ಚಿರುವುದನ್ನು ನೋಡಿ ಊಟ ಸೇರುತ್ತಿರಲಿಲ್ಲ...

ಆ ಶನಿವಾರ ಬೆಳಿಗ್ಗೆ ನಾನು ಪಾಠ ಹೇಳಲು ಆಗಷ್ಟೇ ಸೇರಿದ್ದ ಶಾಲೆಗೆ ಹೊರಡಲು ತಲೆ ಬಾಚಿಕೊಳ್ಳುತ್ತಿದ್ದೆ. ಮೇಷ್ಟ್ರು ನಮ್ಮ ಗೇಟಿನಲ್ಲಿ ನಿಂತಿದ್ದರು. "ಸ್ಕೂಲಿಗೆ ಹೋಗೋ ಮುಂಚೆ ಒಂದ್ಸಲ ಬಂದ್ ಹೋಗಮ್ಮ" ಎಂದು ಹೇಳಿ ತಿರುಗಿ ನಡೆದರು.

ಹೋದಾಗ ಅವರದೇ ಹಳೆಯ ಮ್ಯಾಂಡೊಲಿನ್ ಚಾಪೆಯ ಮೇಲಿತ್ತು. ಕಂಪನಿ ಕಾಲದ್ದು. ಅದನ್ನು ಬೇರೆಯವರು ಮುಟ್ಟುವಂತಿರಲಿಲ್ಲ. ಅದನ್ನೇ ನನ್ನ ಕೈಗೆ ಕೊಟ್ಟರು.

"ನಾನು ಗೋಡೆ ಕಡೆ ಕೂತ್ಕೋತೀನಿ. ನೀನು ಕೆಳಗಿಂದ ಮೇಲಕ್ಕೆ ಬಾ. ಮೆಲ್ಲಗೆ ಮೀಟು. ಕೇಳಿದಾಗೆಲ್ಲ ಕೈ ಎತ್ತುತೀನಿ." ಕೂತವರು ಮತ್ತೆ ಅರ್ಧ ತಿರುಗಿ, "ಒಂದೇ ಲಯದಲ್ಲಿ ಹೋಗ್ಬೇಡ. ಲಯ ಸಿಕ್ಕಿದ್ರೆ ಕಿವಿಗೆ ಕೇಳ್ದಿದ್ರೂ ಕೈ ಎತ್ಬಿಡ್ತೀನಿ. ನನ್ನ ನಾನೇ ನಂಬಲ್ಲ" ಎಂದರು.

ನಾನು ಹಾಗೆಯೇ ಮಾಡಿದೆ. ಒಮ್ಮೆ ಬೇಗ, ಒಮ್ಮೆ ತಡೆದು. ದಪ್ಪ ತಂತಿಗಳಿಗೆ ಅವರ ಬಲಗೈ ಪಟ್ಟನೆ ಏಳುತ್ತಿತ್ತು. ಮುಂದಿನ ತಂತಿಗಳಿಗೂ ಎದ್ದಿತು. ಸಣ್ಣ ತಂತಿಗೆ ಬಂದೆ. ಮೊದಲ ಮೆಟ್ಟುಗಳಿಗೆ ಎದ್ದಿತು. ಆಮೇಲೆ ಸ್ವಲ್ಪ ತಡವಾಗಿ. ಆಮೇಲೆ ಅರ್ಧಕ್ಕೆ ಎದ್ದು, ಅನುಮಾನಿಸಿ, ಇಳಿಯಿತು. ನಾನು ಮೇಲೆ ಹೋದೆ. ಕೈ ತೊಡೆಯ ಮೇಲೇ ಇತ್ತು. ಮತ್ತೆ ಮೀಟಿದೆ, ಇನ್ನೂ ಸ್ವಲ್ಪ ಒತ್ತಿ. ಆ ಕೋಣೆಯಲ್ಲಿ ಸ್ವರ ಸ್ಪಷ್ಟವಾಗಿ, ಮಿಣುಕುತ್ತಾ ನಿಂತಿತ್ತು. ಕೈ ತೊಡೆಯ ಮೇಲೇ ಇತ್ತು. ಅವರ ಹೆಂಡತಿ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತವರು ಒಂದು ಸಲ ನನ್ನನ್ನು, ಒಂದು ಸಲ ಗಂಡನ ಬೆನ್ನನ್ನು ನೋಡುತ್ತಿದ್ದರು.

"ಯಾಕಮ್ಮ, ಮುಂದಕ್ಕೆ ಹೋಗ್ತಿಲ್ವಾ?" ಕೇಳಿದರು ಮೇಷ್ಟ್ರು.

"ಹೋಗ್ತಿದೀನಿ ಮೇಷ್ಟ್ರೇ."

"ಎಲ್ಲಿದೀಯಾ?"

"ಕೊನೇ ಮೆಟ್ಟಿಗೆ ಬಂದಿದೀನಿ."

ಅವರು ತಿರುಗಲಿಲ್ಲ. ಹಸಿರು ಗೋಡೆಯನ್ನು ನೋಡುತ್ತಲೇ, "ಕಂಪನೀಲಿ ಇದ್ದಾಗ ನಾನು ಹಾರ್ಮೋನಿಯಂ ಮಗ್ಗುಲಲ್ಲೇ ಕೂತ್ಕೋತಿದ್ದೆ. ಇನ್ನೊಂದು ಕಿವಿ ಪಕ್ಕ ತಬಲಾ" ಎಂದರು. ಬೇರೆ ಯಾರದೋ ವಿಷಯ ಹೇಳಿದ ಹಾಗೆ.

ಅವರ ಹೆಂಡತಿ ಕಾಫಿ ತಂದು ಮುಂದಿಟ್ಟರು. "ನಾನು ಕರೆದ್ರೆ ಮದುವೆ ಆದಾಗ್ಲಿಂದ್ಲೂ ಇವ್ರಿಗೆ ಕೇಳುಸ್ತಿರ್ಲಿಲ್ಲ ಕಣಮ್ಮಾ. ಅದಕ್ಕೇ ಯಾವಾಗ ಹೋಯ್ತೋ ನಂಗೆ ತಿಳೀಲೇ ಇಲ್ಲ" ಎಂದರು. ಮೇಷ್ಟ್ರು ನಕ್ಕರು. ಆಕೆಯೂ ನಕ್ಕು ಒಳಗೆ ಹೋದರು. ಬಹಳ ಹೊತ್ತು ಒಳಗಿನಿಂದ ಪಾತ್ರೆಯ ಸದ್ದು ಬರಲಿಲ್ಲ.

"ನಿಂಗಿವತ್ತು ಅರ್ಧ ದಿನ ಅಲ್ವಾ ಸ್ಕೂಲು? ಮಧ್ಯಾಹ್ನದ ರೈಲಿಗೆ ಗುಬ್ಬಿಗೆ ಹೋಗೋಣ" ಎಂದರು ಮೇಷ್ಟ್ರು.

ರೈಲಿನಲ್ಲಿ ನಾನು ಒಂದು ದಾರಿ ಹೇಳಿದೆ. ವಾದ್ಯದಲ್ಲಿ ಐಬಿರುವುದು ನಿಜ ತಾನೇ? 'ಮತ್ತೊಮ್ಮೆ ಯೋಚಿಸಿದೆ, ಅದು ಬೇಡ' ಎಂದು ಅವರು ಹೇಳಿದರೆ ಸಾಕು. ಮೇಷ್ಟ್ರು ಒಂದು ಸಲ ಮಾತು ಬದಲಿಸಿದರು ಎಂದುಕೊಳ್ಳುತ್ತಾರೆ, ಅಷ್ಟೆ. ಕಿವಿಯ ವಿಷಯ ಯಾಕೆ?

"ಇವತ್ತಿಗೆ ಸರಿ. ನಾಳೆ ಇನ್ನೊಬ್ಬ ಇನ್ನೊಂದನ್ನ ತಗೊಂಡ್ ಬರ್ತಾನೆ. ಅವ್ನಿಗೇನ್ ಹೇಳ್ಲಿ? ಆಯ್ತು ಅನ್ಲಾ?" ಎಂದರು. ಕಿಟಕಿಯ ಆಚೆ ತೆಂಗಿನ ತೋಟಗಳು ಹಿಂದೆ ಓಡುತ್ತಿದ್ದವು.

ಸೈಕಲ್ ಶಾಪಿನಲ್ಲಿ ಆ ಹೊತ್ತಿಗೆ ಜನ. ಒಬ್ಬ ಗಾಳಿ ಹೊಡೆಸುತ್ತಿದ್ದ, ಇಬ್ಬರು ಬಾಡಿಗೆ ಸೈಕಲ್ಲಿಗೆ ಕಾದಿದ್ದರು. ಮೇಷ್ಟ್ರನ್ನು ಕಂಡು ಸೈಕಲ್ ಶಾಪಿನವರು ಗ್ರೀಸ್ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಾ ಎದ್ದರು. ಮೇಷ್ಟ್ರು ಕೂರಲೂ ಇಲ್ಲ.

"ಆ ಮ್ಯಾಂಡೊಲಿನ್ ಬೇಡ. ಏಜೆಂಟ್ ಬಂದಾಗ ವಾಪಸ್ ಕೊಡು. ಮೇಲಿನ ಮೆಟ್ಟಲ್ಲಿ ಸೀಟಿ ಇದೆ. ನಂಗೆ ಕೇಳ್ಲಿಲ್ಲ. ನನ್ನ ಕಿವಿ ಹೋಗಿದೆ."

"ಮೇಷ್ಟ್ರೇ, ಮೆಲ್ಲಗೆ ಹೇಳಿ. ಜನ ಕೇಳುಸ್ಕೋತಾರೆ."

"ಕೇಳುಸ್ಕೊಳ್ಲಿ ಅಂತಾನೇ ಬಂದಿದೀನಿ."

ಗಾಳಿ ಹೊಡೆಸುತ್ತಿದ್ದವನು ಪಂಪು ನಿಲ್ಲಿಸಿದ. ಸೈಕಲ್ ಶಾಪಿನವರು ತಲೆ ತಗ್ಗಿಸಿದರು. "ಸೀಟಿ ನಂಗೂ ಕೇಳಿತ್ತು ಮೇಷ್ಟ್ರೇ. ನೀವು ಆಯ್ತು ಅಂದ್ರಿ ಅಂತ ಬಾಯಿ ಮುಚ್ಕೊಂಡೆ" ಎಂದರು.

"ಅದೇ ನೀನು ಮಾಡಿದ ತಪ್ಪು. ಇನ್ಮೇಲೆ ಮಾಡ್ಬೇಡ" ಎಂದು ಗದರಿ, ಆಮೇಲೆ ಅಲ್ಲೇ ಇದ್ದ ಟೈರಿನ ಮೇಲೆ ಕೂತು ನೀರು ಕೇಳಿದರು. ಸೈಕಲ್ ಶಾಪಿನವರು ಹೋಟೆಲಿನಿಂದ ಬಿಸಿ ಬೋಂಡಾ ತರಿಸಿದರು. ಯಾರೂ ಬೇಡವೆನ್ನಲಿಲ್ಲ.

ಮುಗಿಯಿತು ಎಂದುಕೊಂಡಿದ್ದೆ. ಮೇಷ್ಟ್ರ ಲೆಕ್ಕದಲ್ಲಿ ಅದು ಆರಂಭ. ವಾಪಸು ಬರುವ ರೈಲಿನಲ್ಲಿ ಕೇಳಿದರು: "ಈ ಕಿವಿ ಒಂದೇ ದಿನಕ್ಕೆ ಹೋಗಿರಲ್ಲ ಅಲ್ವಾ? ಇದಕ್ಕೆ ಮುಂಚೆ ಆಯ್ತು ಅಂದಿದ್ದೆಲ್ಲ ಏನಾಗಿದೆಯೋ?" ಅವರು ಏನನ್ನೂ ಬರೆದಿಟ್ಟವರಲ್ಲ. ಆದರೆ ಯಾರ ಮನೆಗೆ ಯಾವ ವಾದ್ಯ ಹೋಯಿತು, ಅದರ ಮರ ಎಂಥದ್ದು, ತಂತಿ ಬಿಗಿಯುವ ಬಿರಡೆ ಯಾವ ಬಣ್ಣದ್ದು, ಎಲ್ಲ ಬಾಯಲ್ಲಿ ಹೇಳಿದರು. ನಾನು ಭಾನುವಾರಗಳನ್ನು ಅದಕ್ಕೆ ಎತ್ತಿಟ್ಟೆ. ಬೆಳಿಗ್ಗೆ ತಿಂಡಿ ಕಟ್ಟಿಕೊಂಡು ಮೊದಲ ಬಸ್ಸಿಗೆ ಹೊರಡುವುದು, ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವುದು. ಕೋರ, ಗುಬ್ಬಿ, ಕುಣಿಗಲ್... ಹೋದ ಕಡೆಯೆಲ್ಲ ಬಾಗಿಲಲ್ಲೇ ಒಂದೇ ಮಾತು: "ನಾನು ಆಯ್ತು ಅಂದಿದ್ದೆ. ನನ್ನ ಕಿವಿ ಸರಿ ಇರ್ಲಿಲ್ಲ. ಈ ಹುಡುಗಿ ಇನ್ನೊಂದ್ಸಲ ನೋಡ್ತಾಳೆ."

ಜನ ಗಲಿಬಿಲಿಗೊಳ್ಳುತ್ತಿದ್ದರು. ಕೆಲವರು ಊಟ ಹಾಕದೆ ಬಿಡುತ್ತಿರಲಿಲ್ಲ. ಬಹುಪಾಲು ವಾದ್ಯಗಳು ಸರಿಯಾಗಿಯೇ ಇದ್ದವು. ಮರದ ವಿಷಯದಲ್ಲಿ ಅವರ ಮೂಗು, ಅಂಗೈ ಎಂದೂ ತಪ್ಪಿರಲಿಲ್ಲ. ಹಾಗೆಂದು ನಾನು ಹೇಳಿದಾಗ ಮುಖದಲ್ಲಿ ಒಂದು ಸಮಾಧಾನ ಕಾಣುತ್ತಿತ್ತು, ಮಗುವಿಗೆ ಜ್ವರ ಇಳಿದ ಹಾಗೆ.

ಕೊತ್ತಗೆರೆಯ ಭಜನೆ ಮಂಡಳಿಯ ಹಾರ್ಮೋನಿಯಂ ಮಾತ್ರ ಮೇಲಿನ ಸ್ವರಗಳಲ್ಲಿ ಸಣ್ಣಗೆ ಕಿರುಗುಟ್ಟುತ್ತಿತ್ತು. ನಾನು ಹೇಳಿದೆ. ಮೇಷ್ಟ್ರು ತಲೆ ತಗ್ಗಿಸಿ, ರಿಪೇರಿ ತಾವೇ ಮಾಡಿಸಿಕೊಡುವುದಾಗಿ ಹೇಳಿದರು. ಮಂಡಳಿಯ ಹಿರಿಯ ಗೌಡರು ಎಲೆಅಡಿಕೆ ಪಕ್ಕಕ್ಕೆ ಸರಿಸಿ, "ಎಲ್ಲಿ ತಾಯಿ, ಇನ್ನೊಂದ್ಕಿತ ಬಾರ್ಸು" ಎಂದರು. ನುಡಿಸಿದೆ. ಕಣ್ಣು ಮುಚ್ಚಿ ಕೇಳಿ, "ಇದಾ? ಇದು ನಮ್ ಸ್ವಾಮಿಗೆ ಅಭ್ಯಾಸ ಆಗೋಗದೆ ಬುಡಿ ಮೇಷ್ಟ್ರೇ. ಇದಿಲ್ದಿದ್ರೆ ಭಜನೆ ಶುರುವಾಯ್ತು ಅಂತ ಊರೋರ್ಗೆ ಗೊತ್ತೇ ಆಗಾಕಿಲ್ಲ" ಎಂದರು. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಮೇಷ್ಟ್ರು ನಗಲಿಲ್ಲ. ಹಾರ್ಮೋನಿಯಂ ಹೊತ್ತು ತಂದು, ಸರಿ ಮಾಡಿಸಿ, ತಾವೇ ತಲುಪಿಸಿದರು. ಗೌಡರು ಬೇಜಾರು ಮಾಡಿಕೊಂಡರೆಂದು ಆಮೇಲೆ ತಿಳಿಯಿತು.

ಕುಣಿಗಲ್‌ನಲ್ಲಿ ನಗುವಂತಿರಲಿಲ್ಲ. ಅಲ್ಲಿ ಒಬ್ಬ ಹೆಣ್ಣುಮಗಳು ಮೇಷ್ಟ್ರು ಒಪ್ಪಿದ ವೀಣೆಯಲ್ಲಿ ಸಂಗೀತದ ಪರೀಕ್ಷೆಗೆ ಕೂತು ಫೇಲಾಗಿದ್ದಳು. ಮೇಲಿನ ಮೆಟ್ಟುಗಳಲ್ಲಿ ಸ್ವರ ಶ್ರುತಿ ಮೀರಿ ಏರುತ್ತಿತ್ತು. ಅವಳು ತನ್ನ ಬೆರಳೇ ಸರಿಯಿಲ್ಲವೆಂದು ವೀಣೆಯನ್ನು ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿದ್ದಳು. ಕೆಳಗಿಳಿಸಿ ನುಡಿಸಿದೆ. ನಾನು ಬಾಯಿ ತೆರೆಯುವ ಮೊದಲೇ ಮೇಷ್ಟ್ರು ನನ್ನ ಮುಖ ನೋಡಿ ತಿಳಿದುಕೊಂಡರು. ಆ ಹುಡುಗಿಯ ಎದುರು ಚಾಪೆಯ ಮೇಲೆ ಕೂತು, "ತಪ್ಪು ನಿನ್ ಬೆರಳಿಂದಲ್ಲ ಮಗಳೇ, ನನ್ ಕಿವೀದು" ಎಂದರು. ಅವಳ ತಾಯಿ ಅತ್ತರು. ಅವಳು ಅಳಲಿಲ್ಲ. ವೀಣೆಯನ್ನೇ ನೋಡುತ್ತಿದ್ದಳು. ಮೇಷ್ಟ್ರು ಮೇಣ ಕಾಯಿಸಿ ಆ ಮೆಟ್ಟುಗಳನ್ನು ಕಿತ್ತು ಮತ್ತೆ ಕೂರಿಸಿದರು. ಒಂದೊಂದು ಮೆಟ್ಟಿಗೂ ನಾನು ಮೇಲೆ, ಕೆಳಗೆ ಎನ್ನುತ್ತಿದ್ದೆ, ಅವರು ಕೂದಲೆಳೆಯಷ್ಟು ಸರಿಸುತ್ತಿದ್ದರು. ಮುಗಿದಾಗ ಸಂಜೆಯ ಬಸ್ಸು ಹೋಗಿಬಿಟ್ಟಿತ್ತು. ನನ್ನ ಜೀವನದಲ್ಲಿ ಬಸ್ಸು ತಪ್ಪಿಸಿಕೊಂಡದ್ದು ಅದೊಂದೇ ಸಲ ಇರಬೇಕು. ಆ ಹುಡುಗಿ ಮತ್ತೆ ಪರೀಕ್ಷೆಗೆ ಕೂತು ಪಾಸಾದಳು. ಈಗ ಅವಳೇ ಕುಣಿಗಲ್‌ನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾಳೆ.

ಇಷ್ಟಾದ ಮೇಲೆ ಮೇಷ್ಟ್ರ ಮನೆಗೆ ಯಾರೂ ಬರುವುದಿಲ್ಲವೆಂದು ಅವರೂ ನಾನೂ ಎಣಿಸಿದ್ದೆವು. ಆದದ್ದು ಬೇರೆ. ಮೊದಲು ಬಂದವರು ಗುಬ್ಬಿಯ ಸೈಕಲ್ ಶಾಪಿನವರೇ, ಇನ್ನೊಂದು ಮ್ಯಾಂಡೊಲಿನ್ ಹಿಡಿದುಕೊಂಡು. "ನನ್ ಹತ್ರ ಯಾಕಯ್ಯಾ ಬಂದೆ?" ಎಂದು ಮೇಷ್ಟ್ರು ರೇಗಿದರು. "ನಿಮ್ ಕಿವಿ ಹೋಗಿದೆ ಅಂತ ನೀವೇ ಹೇಳಿದ್ರಲ್ಲ. ಬೇರೆಯವ್ರಾದ್ರೆ ಹೇಳ್ತಿದ್ರಾ?" ಎಂದು ಅವರು ಪೆಟ್ಟಿಗೆ ಬಿಚ್ಚಿದರು. ಮೇಷ್ಟ್ರು ಮೂಸಿದರು. ಅಂಗೈಯಿಟ್ಟರು. ಆಮೇಲೆ ಮಣೆಯನ್ನು ನನ್ನ ಕಡೆ ತಳ್ಳಿ, "ಮರ ನಂದು. ದನಿ ನಿಂದು. ಕೂತ್ಕೋ" ಎಂದು, ತಾವು ನುಡಿಸಲು ವಾದ್ಯ ಎತ್ತಿಕೊಂಡರು. ಅವತ್ತು ನಾನು ಗೋಡೆಯ ಕಡೆ ಮುಖ ಮಾಡಿ ಕೂತೆ. ಮುಂದೆ ಎಷ್ಟೋ ವರ್ಷ ಅದು ಹಾಗೆಯೇ ನಡೆಯಿತು.

ತಮ್ಮ ಸ್ವಂತ ಮ್ಯಾಂಡೊಲಿನ್ನನ್ನು ಅವರು ಬಿಡಲಿಲ್ಲ. ಮೇಲಿನ ಮೆಟ್ಟುಗಳಿಗೆ ಹೋಗುವುದನ್ನು ಮಾತ್ರ ಬಿಟ್ಟರು. ಗೊತ್ತಿದ್ದ ಹಾಡುಗಳನ್ನೆಲ್ಲ ಕೆಳಗಿಳಿಸಿ, ದಪ್ಪ ತಂತಿಗಳ ಮೇಲೆ ನುಡಿಸಿಕೊಳ್ಳುತ್ತಿದ್ದರು. ಸಂಜೆ ಎದುರು ಮನೆಯಿಂದ ಅದು ಕೇಳಿದರೆ ಯಾರೋ ಮೆಲುದನಿಯಲ್ಲಿ ತಮ್ಮಷ್ಟಕ್ಕೆ ತಾವೇ ಮಾತಾಡಿಕೊಂಡ ಹಾಗಿರುತ್ತಿತ್ತು...

ಎಂಬತ್ತರ ದಶಕದ ಕೊನೆಗೆ ನನಗೆ ಕುಣಿಗಲ್ಲಿಗೆ ವರ್ಗವಾಯಿತು. ಒಂದು ಮಳೆಗಾಲದಲ್ಲಿ ಮೇಷ್ಟ್ರು ಹೋದ ಸುದ್ದಿ ಬಂತು. ನಾನು ತುಮಕೂರು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ಹೆಂಡತಿ ನನ್ನ ಕೈ ಹಿಡಿದು, "ಕೊನೆಕೊನೆಗೆ ನಿಜವಾಗ್ಲೂ ನಾನು ಕರೆದ್ರೆ ಕೇಳುಸ್ತಿತ್ತು ಕಣಮ್ಮಾ. ನನ್ ದನಿ ದಪ್ಪ ಅಲ್ವಾ?" ಎಂದರು.

ಈಗ ಯುಕುಲೆಲೆಯ ವಿಷಯ. ಮರ ಒಳ್ಳೆಯದು, ಒಣಗಿದ್ದು, ಜೋಡಣೆ ಬಿಗಿ. ನೈಲಾನ್ ತಂತಿಯಾದ್ದರಿಂದ ಬೆರಳಿಗೆ ಹಿತ. ಮೊದಲ ಮೆಟ್ಟಿನಿಂದ ಕೊನೆಯವರೆಗೆ ಶ್ರುತಿ ಅಲುಗದು. ವೈರು ಹಾಕದೆ ನುಡಿಸಿದಾಗ ದನಿ ತುಂಬಿಕೊಂಡು ಬರುತ್ತದೆ, ಕೋಣೆಯ ಮೂಲೆಗೂ ಮುಟ್ಟುತ್ತದೆ. ಹುಡುಗಿ ಜೊತೆಗೆ ತಂದಿದ್ದ ಸಣ್ಣ ಸ್ಪೀಕರಿಗೆ ವೈರು ಹಾಕಿದಾಗ ಮರದ ದನಿ ಸ್ವಲ್ಪ ತೆಳುವಾಗುತ್ತದೆ. ಪಕ್ಕದ ಗುಂಡಿ ತಿರುಗಿಸಿದರೆ ಅದೂ ಸರಿ ಹೋಗುತ್ತದೆ. ಇಷ್ಟನ್ನು ನಾನು ಖಚಿತವಾಗಿ ಹೇಳಿದೆ. ಹೂಂ ಎನ್ನಲು ಬಾಯಿ ತೆರೆದೆ.

"ಅಜ್ಜಿ, ಆ ಸ್ಸ್ ಅಂತ ಬರ್ತಿದೆಯಲ್ಲ, ಅದು ಪರವಾಗಿಲ್ವಾ?" ಎಂದಳು ಹುಡುಗಿ.

"ಯಾವುದು?"

"ಇದ್ಯಲ್ಲ, ಸ್ಪೀಕರ್ ಹಾಕಿದಾಗಿಂದ ಬರ್ತಾನೇ ಇದೆ."

ನಾನು ಸ್ಪೀಕರಿನ ಹತ್ತಿರ ಬಗ್ಗಿ ಕೇಳಿದೆ. ಏನೂ ಇರಲಿಲ್ಲ. ಅವಳನ್ನು ಕೇಳಿದೆ, ಈಗಲೂ ಇದೆಯಾ ಎಂದು. ಇದೆ ಎಂದಳು.

"ನಂಗೆ ಕೇಳ್ತಿಲ್ಲ ಮರಿ. ನಂಗೆ ಆ ಸದ್ದು ಹೋಗಿದೆ. ಮರಕ್ಕೆ ನನ್ನ ಹೂಂ ಇದೆ. ಆ ಸದ್ದಿಗೆ ನಿನ್ನ ಕಿವೀನೇ ನಂಬು. ನಾಳೆ ಅಂಗಡೀಲಿ ಬೇರೆ ವೈರು, ಬೇರೆ ಸ್ಪೀಕರ್ ಹಾಕ್ಸಿ ನೋಡು. ಆಗ್ಲೂ ಬಂದ್ರೆ ವಾಪಸ್ ಕೊಡು. ಅಜ್ಜಿ ಹೂಂ ಅಂದ್ರು ಅಂತ ಇಟ್ಕೋಬೇಡ" ಎಂದೆ.

ಅವಳು ಪೆಟ್ಟಿಗೆ ಮುಚ್ಚಿಕೊಂಡು ಹೋದಳು. ನಾನು ಮೇಜು ಒರೆಸಿ, ರಾತ್ರಿಯ ಅಡುಗೆಗೆ ಬೇಳೆ ತೊಳೆದೆ. ನನ್ನ ಕಿವಿಯೂ ಹೋಯಿತೆಂಬ ಸುದ್ದಿ ಕೇಳಿ ನಗುತ್ತಿದ್ದವರು ಮೇಷ್ಟ್ರು ಒಬ್ಬರೇ. ಅವರ ಓಣಿಗೆ ನಡೆದರೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಆದರೆ ಅಲ್ಲಿ ಹೋಗಿ ಯಾರಿಗೆ ಹೇಳಲಿ...